ವಿವೇಕದ ಹೆಸರಿನಲ್ಲಿ ಪ್ರತ್ಯೇಕತೆ: ಧಾರವಾಡ, ವರ್ಜೀನಿಯ, ಕೊಪ್ಪಳ

ಅಸ್ಪೃಶ್ಯತೆ ಮತ್ತು ವರ್ಣಭೇದದ ಚರಿತ್ರೆಯನ್ನು ಹೇಳುವಾಗ ಸಾಮಾನ್ಯವಾಗಿ ಎರಡು ಚಿತ್ರಗಳು ಕಣ್ಣಮುಂದೆ ನಿಲ್ಲುತ್ತವೆ: ಒಂದೆಡೆ ಹಿಂಸೆಗಿಳಿದ ಗುಂಪು, ಮತ್ತೊಂದೆಡೆ ಅದನ್ನು ಎದುರಿಸಿದ ಸುಧಾರಕ. ಇವರಿಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಅವನು ಊರಿನ ಗೌರವಸ್ಥ. ವ್ಯಾಪಾರಸ್ಥ, ಶಾಸಕ, ಅಧಿಕಾರಿ, ಒಮ್ಮೊಮ್ಮೆ ಧರ್ಮಗುರು. ಅವನು ಕಲ್ಲೆಸೆಯುವುದಿಲ್ಲ, ಬೈಯುವುದೂ ಇಲ್ಲ. ಸಮಿತಿಯಲ್ಲಿ ಕುಳಿತು, ಕಾಲವಿನ್ನೂ ಪಕ್ವವಾಗಿಲ್ಲವೆಂದು ವರದಿ ಬರೆಯುತ್ತಾನೆ. ಪ್ರತ್ಯೇಕತೆಗೆ ದೀರ್ಘಾಯುಷ್ಯ ದೊರೆತದ್ದು ಹೆಚ್ಚಾಗಿ ಇವನ ಲೇಖನಿಯಿಂದ ಎಂಬುದು ನಮ್ಮ ಅಭಿಪ್ರಾಯ. ನೂರು ವರ್ಷಗಳ ಅಂತರದ ಎರಡು ಕಡತಗಳನ್ನು, 1856ರ ಧಾರವಾಡದ್ದನ್ನೂ 1954ರ ನಂತರದ ಅಮೆರಿಕದ ವರ್ಜೀನಿಯದ್ದನ್ನೂ, ಅಕ್ಕಪಕ್ಕದಲ್ಲಿಟ್ಟು ಓದಿ, ಬಳಿಕ ನಮ್ಮ ಧರ್ಮಸಭೆಯ ಕಡೆಗೂ ಕೊಪ್ಪಳ ಸೀಮೆಯ ಕಡೆಗೂ ತಿರುಗೋಣ.

ಧಾರವಾಡದ ಅರ್ಜಿ

1856ರ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಬಾಲಕನೊಬ್ಬನು ಮುಂಬಯಿ ಸರ್ಕಾರಕ್ಕೆ ಅರ್ಜಿ ಸಲ್ಲಿಸಿದನು. ಎಲ್ಲರಂತೆ ಶುಲ್ಕ ಕೊಡಲು ತಾನು ಸಿದ್ಧನಿದ್ದರೂ ಧಾರವಾಡದ ಸರ್ಕಾರಿ ಶಾಲೆಯು ತನ್ನನ್ನು ಸೇರಿಸಿಕೊಳ್ಳಲಿಲ್ಲ ಎಂಬುದು ಅವನ ದೂರು. ಆಗ ಮುಂಬಯಿಯ ಗವರ್ನರರಾಗಿದ್ದವರು ಲಾರ್ಡ್ ಎಲ್ಫಿನ್‌ಸ್ಟನ್. ಜುಲೈ 21ರಂದು ಸರ್ಕಾರ ಕೈಗೊಂಡ ನಿರ್ಣಯದ ಸಾರವಿಷ್ಟು: ನ್ಯಾಯವು ಅರ್ಜಿದಾರನ ಪಕ್ಷದಲ್ಲಿದೆ ಎಂಬುದರಲ್ಲಿ ಸಂದೇಹವಿಲ್ಲ, ಆದರೆ ಯುಗಗಳಿಂದ ಬೇರೂರಿದ ಪೂರ್ವಗ್ರಹವನ್ನು ಸರ್ಕಾರವು ಒಮ್ಮೆಲೇ ಕಿತ್ತೊಗೆಯಲಾರದು, ಒಬ್ಬನ ಹಿತಕ್ಕಾಗಿ ಮಧ್ಯೆ ಪ್ರವೇಶಿಸಿದರೆ ಶಾಲೆಯು ಬಹುಜನರ ಪಾಲಿಗೆ ನಿರುಪಯುಕ್ತವಾಗುವುದು.

ಕಡತ ಅಲ್ಲಿಗೆ ಮುಗಿಯಲಿಲ್ಲ. 1857ರ ಜನವರಿಯಲ್ಲಿ ಕಲ್ಕತ್ತೆಯ ಭಾರತ ಸರ್ಕಾರವು, ಮುಂಬಯಿಯವರು ವಿವೇಕದಿಂದ ನಡೆದುಕೊಂಡಿರಬಹುದಾದರೂ ಬಂಗಾಳದ ಸರ್ಕಾರಿ ಶಾಲೆಗಳಲ್ಲಾಗಿದ್ದರೆ ಆ ಬಾಲಕನಿಗೆ ಪ್ರವೇಶ ನಿರಾಕರಣೆಯಾಗುತ್ತಿರಲಿಲ್ಲವೆಂದು ಉತ್ತರಿಸಿತು. 1858ರ ಏಪ್ರಿಲ್ 28ರಂದು ಲಂಡನ್ನಿನ ನಿರ್ದೇಶಕರ ಮಂಡಳಿಯು, ಸರ್ಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ಸಮಾನವಾಗಿ ತೆರೆದಿರತಕ್ಕವು ಎಂಬ ತತ್ತ್ವದಿಂದ ಹಿಂದೆ ಸರಿಯಲಾಗದೆಂದು ಬರೆಯಿತು. ಅದೇ ಬೇಸಗೆಯಲ್ಲಿ ಮುಂಡರಗಿಯ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರ ಸೈನ್ಯದೊಡನೆ ಕಾದಾಡಿ ಮಡಿದನು. ದೇಶವಿಡೀ ದಂಗೆಯೆದ್ದಿದ್ದ ಆ ದಿನಗಳಲ್ಲಿ ಜನರ ಆಚಾರವಿಚಾರಗಳನ್ನು ಮುಟ್ಟಲು ಸರ್ಕಾರಕ್ಕೆ ಧೈರ್ಯವಿರಲಿಲ್ಲ. ನವೆಂಬರಿನಲ್ಲಿ ಹೊರಟ ರಾಣಿಯ ಘೋಷಣೆಯು ಪ್ರಜೆಗಳ ಧಾರ್ಮಿಕ ನಂಬಿಕೆಗಳಲ್ಲಿ ಕೈಹಾಕುವುದಿಲ್ಲವೆಂಬ ಭರವಸೆಯನ್ನೇ ನೀಡಿತು. ಹೀಗೆ ತತ್ತ್ವ ಕಾಗದದ ಮೇಲುಳಿಯಿತು, ಬಾಲಕ ಶಾಲೆಯ ಹೊರಗುಳಿದನು. 1882ರ ಹಂಟರ್ ಆಯೋಗವು ಇದೇ ಪ್ರಕರಣವನ್ನು ಸ್ಮರಿಸಿ, ತತ್ತ್ವವನ್ನು ಮತ್ತೆ ಎತ್ತಿಹಿಡಿದು, ಜಾರಿಗೊಳಿಸುವಾಗ ಎಚ್ಚರಿಕೆಯಿರಲಿ ಎಂದು ಸೇರಿಸಿತು. ಕೆಳಜಾತಿಯ ಮಕ್ಕಳಿಗೆ ಬೇರೆ ಶಾಲೆಗಳನ್ನು ಉತ್ತೇಜಿಸಲೂ ಸೂಚಿಸಿತು.

ವೇವರ್ಲಿಯ ಮರದ ವ್ಯಾಪಾರಿ

ಎರಡನೆಯ ಕಡತದ ನಾಯಕ ಗಾರ್ಲೆಂಡ್ ಗ್ರೇ (1901–1977). ವರ್ಜೀನಿಯ ರಾಜ್ಯದ ಸಸೆಕ್ಸ್ ಕೌಂಟಿಯ ವೇವರ್ಲಿ ಎಂಬ ಸಣ್ಣ ಪಟ್ಟಣದಲ್ಲಿ ಅವರ ಕುಟುಂಬದ ಮರದ ಕಂಪನಿಯಿತ್ತು. ಪೈನ್ ಮರದ ಕಾಡು, ಗರಗಸದ ಮಿಲ್ಲು, ಕಡಲೆಕಾಯಿಯ ಹೊಲಗಳ ಆ ಸೀಮೆಯಲ್ಲಿ ಕಪ್ಪು ಜನರ ಸಂಖ್ಯೆ ದೊಡ್ಡದು. ಮತಪೆಟ್ಟಿಗೆಯ ಬಳಿ ಮಾತ್ರ ಅವರು ವಿರಳ. ಗ್ರೇ 1940ರ ದಶಕದಿಂದ ರಾಜ್ಯದ ಸೆನೆಟ್ ಸದಸ್ಯರಾಗಿದ್ದು, ರಾಜ್ಯ ರಾಜಕಾರಣದ ಸೂತ್ರಧಾರ ಹ್ಯಾರಿ ಬರ್ಡ್ ಅವರ ಬಣದ ಪ್ರಮುಖರಲ್ಲೊಬ್ಬರಾಗಿದ್ದರು.

1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟು, ಜನಾಂಗದ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಇಡುವುದು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಮರುತಿಂಗಳೇ ಗ್ರೇ ಅವರ ಮುಂದಾಳತ್ವದಲ್ಲಿ ಆ ಸೀಮೆಯ ಶಾಸಕರು ಪೀಟರ್ಸ್‌ಬರ್ಗ್ ನಗರದ ಅಗ್ನಿಶಾಮಕ ಠಾಣೆಯೊಂದರಲ್ಲಿ ಸೇರಿ, ಶಾಲೆಗಳಲ್ಲಿ ಬಿಳಿಯ ಹಾಗೂ ಕಪ್ಪು ಮಕ್ಕಳು ಒಂದಾಗುವುದನ್ನು ತಾವು ಎಂದಿಗೂ ಒಪ್ಪುವುದಿಲ್ಲವೆಂದು ಸಾರಿದರು. ಆಗಸ್ಟಿನಲ್ಲಿ ಗವರ್ನರ್ ಥಾಮಸ್ ಸ್ಟ್ಯಾನ್ಲಿ 32 ಶಾಸಕರ ಆಯೋಗವೊಂದನ್ನು ನೇಮಿಸಿದರು. ಸದಸ್ಯರೆಲ್ಲರೂ ಬಿಳಿಯರು, ಅಧ್ಯಕ್ಷರು ಗ್ರೇ.

1955ರ ನವೆಂಬರಿನಲ್ಲಿ ಬಂದ ಆಯೋಗದ ವರದಿ ಮೇಲ್ನೋಟಕ್ಕೆ ಸೌಮ್ಯವಾಗಿತ್ತು. ಯಾವ ಮಗುವನ್ನೂ ಮಿಶ್ರ ಶಾಲೆಗೆ ಹೋಗುವಂತೆ ಬಲವಂತಪಡಿಸಕೂಡದು. ಹೋಗಲೊಲ್ಲದವರಿಗೆ ಖಾಸಗಿ ಶಾಲೆಯ ಶುಲ್ಕವನ್ನು ಸಾರ್ವಜನಿಕ ನಿಧಿಯಿಂದ ಕೊಡಬೇಕು. ಯಾವ ಮಗು ಯಾವ ಶಾಲೆಗೆ ಎಂಬುದನ್ನು ಸ್ಥಳೀಯ ಮಂಡಳಿಗಳು ನಿರ್ಧರಿಸಬೇಕು. ಪೋಷಕರ ಸ್ವಾತಂತ್ರ್ಯ, ಊರಿನ ಇಚ್ಛೆ, ಶಿಕ್ಷಣದ ಗುಣಮಟ್ಟ: ಇವೇ ಅದರ ಪದಗಳು. 1956ರ ಜನವರಿಯಲ್ಲಿ ಮತದಾರರು ಇದಕ್ಕೆ ದಾರಿಮಾಡಿಕೊಡುವ ಸಂವಿಧಾನ ತಿದ್ದುಪಡಿಯ ಪ್ರಕ್ರಿಯೆಯನ್ನು ಹೆಚ್ಚುಕಡಿಮೆ ಎರಡಕ್ಕೆ ಒಂದರ ಬಹುಮತದಿಂದ ಒಪ್ಪಿದರು. ಅದರ ಬೆನ್ನಲ್ಲೇ ಬರ್ಡ್ ಸಾಮೂಹಿಕ ಪ್ರತಿರೋಧಕ್ಕೆ ಕರೆಕೊಟ್ಟರು. ಕೆಲವೇ ತಿಂಗಳಲ್ಲಿ ಗ್ರೇ ಅವರೂ ಆಯೋಗದ ಬಹುಮತವೂ ತಮ್ಮದೇ ವರದಿಯ ಸ್ಥಳೀಯ ಆಯ್ಕೆಯನ್ನು ಕೈಬಿಟ್ಟು, ಒಂದಾಗಲು ಹೊರಡುವ ಶಾಲೆಗೆ ಹಣ ನಿಲ್ಲಿಸುವ, ಅದನ್ನು ಮುಚ್ಚುವ ಕಾನೂನುಗಳ ಪರವಾಗಿ ನಿಂತರು.

1958ರ ಸೆಪ್ಟೆಂಬರಿನಲ್ಲಿ ವಾರನ್ ಕೌಂಟಿ, ಷಾರ್ಲಟ್ಸ್‌ವಿಲ್ ಮತ್ತು ನಾರ್ಫೋಕ್‌ಗಳಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಸುಮಾರು 13,000 ಮಕ್ಕಳು ಬೀದಿಗೆ ಬಿದ್ದರು. ಅವರಲ್ಲಿ ಹೆಚ್ಚಿನವರು ಬಿಳಿಯರೇ. 1959ರ ಜನವರಿ 19ರಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಫೆಡರಲ್ ನ್ಯಾಯಾಲಯವೂ ಒಂದೇ ದಿನ ಈ ಕಾನೂನುಗಳನ್ನು ರದ್ದುಪಡಿಸಿದವು. ಆದರೂ ಪ್ರಿನ್ಸ್ ಎಡ್ವರ್ಡ್ ಕೌಂಟಿಯು ತನ್ನ ಸಾರ್ವಜನಿಕ ಶಾಲೆಗಳನ್ನು 1959ರಿಂದ 1964ರವರೆಗೆ ಮುಚ್ಚಿಯೇ ಇಟ್ಟಿತು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕಪ್ಪು ಮಕ್ಕಳಲ್ಲಿ ಬಹುಮಂದಿ ಐದು ವರ್ಷ ತರಗತಿಯನ್ನೇ ಕಾಣಲಿಲ್ಲ. ಗ್ರೇ ಗವರ್ನರ್ ಆಗಬೇಕೆಂದು ಹೊರಟು, ಪಕ್ಷದೊಳಗೆ ಬೆಂಬಲ ಬೇರೊಬ್ಬರತ್ತ ವಾಲಿದಾಗ ಹಿಂದೆ ಸರಿದರು. ಇಂದು ವರ್ಜೀನಿಯದ ಅರಣ್ಯ ಇಲಾಖೆಯ ಸಸಿಮಡಿಯೊಂದು ಅವರ ಹೆಸರನ್ನು ಹೊತ್ತಿದೆ.

ಒಂದೇ ವಾದ

ಎರಡು ಪ್ರಸಂಗಗಳ ವ್ಯತ್ಯಾಸಗಳನ್ನು ಅಲಕ್ಷಿಸಲಾಗದು. ಧಾರವಾಡದಲ್ಲಿ ತೀರ್ಮಾನಿಸಿದವರು ಪರದೇಶದ ಆಳರಸರು, ವರ್ಜೀನಿಯದಲ್ಲಿ ಚುನಾಯಿತ ಪ್ರತಿನಿಧಿಗಳು. ಜಾತಿ ಮತ್ತು ಜನಾಂಗ ಒಂದೇ ಅಲ್ಲ. ಎಲ್ಫಿನ್‌ಸ್ಟನ್ನರ ಸರ್ಕಾರಕ್ಕೆ ಅಸ್ಪೃಶ್ಯತೆಯಲ್ಲಿ ನಂಬಿಕೆಯಿರಲಿಲ್ಲ. ಗ್ರೇ ಅವರಿಗೆ ಪ್ರತ್ಯೇಕತೆಯೇ ಗುರಿಯಾಗಿತ್ತು. ಹೀಗಿದ್ದೂ ಇಬ್ಬರ ಕಾಗದಗಳಲ್ಲಿ ವಾದದ ಮೂಳೆಗಟ್ಟು ಒಂದೇ ಆಗಿದೆ. ಹೊರಗೆ ನಿಂತ ಮಗು ಕೀಳೆಂದು ಯಾವ ಕಾಗದವೂ ಹೇಳುವುದಿಲ್ಲ. ಒಳಗಿರುವವರು ನೊಂದಾರು ಎಂಬುದೇ ಮುಖ್ಯ ಚಿಂತೆ. ಒಬ್ಬನನ್ನು ಒಂದು ತಟ್ಟೆಯಲ್ಲಿಯೂ ಬಹುಜನರನ್ನು ಇನ್ನೊಂದರಲ್ಲಿಯೂ ಇಟ್ಟು ತೂಗಲಾಗುತ್ತದೆ. ಆ ತಕ್ಕಡಿಯನ್ನು ಹಿಡಿದವರೆಲ್ಲರೂ ಒಳಗಿನವರೇ.

ಒಬ್ಬ ಬಾಲಕ ಒಳಬಂದರೆ ಶಾಲೆ ಬರಿದಾದೀತೆಂದು ಧಾರವಾಡದಲ್ಲಿ ಅಂಜಿದರು. ನೂರೆರಡು ವರ್ಷಗಳ ಬಳಿಕ ವರ್ಜೀನಿಯದ ಸರ್ಕಾರ, ಒಳಬರಲಿದ್ದ ಕೆಲವೇ ಮಕ್ಕಳನ್ನು ತಡೆಯಲು ತಾನೇ ಶಾಲೆಗಳನ್ನು ಬರಿದುಮಾಡಿತು. ಶಾಲೆಯನ್ನು ಉಳಿಸುತ್ತೇವೆಂದು ಹೊರಟ ವಾದ ಕೊನೆಗೆ ಶಾಲೆಯನ್ನೇ ನುಂಗಿತು.

ವಿವೇಕವು ಸದ್ಗುಣವೆಂಬುದನ್ನು ಸಂತ ತೋಮಸ್ ಅಕ್ವಿನಾಸರಿಂದ ನಾವೆಲ್ಲರೂ ಕಲಿತಿದ್ದೇವೆ. ಅವರೇ ತಮ್ಮ ಸುಮ್ಮಾ ಗ್ರಂಥದ ದ್ವಿತೀಯ ಭಾಗದಲ್ಲಿ ವಿವೇಕದ ವೇಷತೊಟ್ಟ ದುರ್ಗುಣಗಳನ್ನೂ ಚರ್ಚಿಸಿದ್ದಾರೆ. ಒಳ್ಳೆಯ ಗುರಿಗೆ ತಕ್ಕ ದಾರಿಯನ್ನು ಹುಡುಕುವುದು ನಿಜವಾದ ವಿವೇಕ. ನಮ್ಮ ನೆಮ್ಮದಿಯೇ ಗುರಿಯಾದಾಗ ಆ ಹೆಸರು ಮಾತ್ರ ಉಳಿಯುತ್ತದೆ. ಇವೆರಡನ್ನು ಬೇರ್ಪಡಿಸಲು ಚರಿತ್ರೆ ನಮಗೊಂದು ಒರೆಗಲ್ಲನ್ನು ಕೊಟ್ಟಿದೆ: ವಿಳಂಬದ ಬೆಲೆಯನ್ನು ತೆರುವವರು ಯಾರು? ಕಾಯೋಣವೆಂದು ಹೇಳಿದವನೇ ಆ ಬೆಲೆಯನ್ನು ತೆತ್ತ ನಿದರ್ಶನ ಈ ಎರಡು ಕಡತಗಳಲ್ಲಿ ಇಲ್ಲ.

ಧರ್ಮಸಭೆಯ ಒಳಗೆ

ಈ ಒರೆಗಲ್ಲಿಗೆ ನಮ್ಮ ಧರ್ಮಸಭೆಯನ್ನೂ ಉಜ್ಜಿ ನೋಡಬೇಕು. ಮಧುರೆ, ಮೈಸೂರು ಮತ್ತು ಕರ್ನಾಟಿಕ್ ಮಿಷನ್ನುಗಳ ಆಚಾರಗಳ ಕುರಿತ ದೀರ್ಘ ವಿವಾದಕ್ಕೆ ತೆರೆಯೆಳೆದು, 1744ರ ಸೆಪ್ಟೆಂಬರ್ 12ರಂದು ಜಗದ್ಗುರು 14ನೆಯ ಬೆನೆಡಿಕ್ಟರು ಆಜ್ಞಾಪತ್ರವೊಂದನ್ನು ಹೊರಡಿಸಿದರು. ಕೆಳಜಾತಿಯ ವಿಶ್ವಾಸಿಗಳಿಗೆ ಸಂಸ್ಕಾರಗಳು ತಪ್ಪಬಾರದೆಂಬುದು ಅವರ ಕಾಳಜಿ. ಅದಕ್ಕೆ ಯೇಸುಸಭೆಯವರು ಮುಂದಿಟ್ಟ ಪರಿಹಾರವೆಂದರೆ ಅವರಿಗಾಗಿಯೇ ಬೇರೆ ಗುರುಗಳು. ಜಗದ್ಗುರುಗಳು ಅದನ್ನು ಒಪ್ಪಿದರು. ಉದ್ದೇಶ ಕರುಣೆಯದು, ಫಲ ಪ್ರತ್ಯೇಕತೆಯದು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ 1872ರಲ್ಲಿ ಎದ್ದ ದೇವಾಲಯಕ್ಕೆ ಎರಡು ಪಡಸಾಲೆಗಳು. ಒಂದೇ ಪೀಠದ ಕಡೆಗೆ ಮುಖಮಾಡಿದ ಜನರ ನಡುವೆ ಗೋಡೆ. ಆ ಗೋಡೆ ಬಿದ್ದದ್ದು 1910ರಲ್ಲಿ.

ಅಮೆರಿಕದ ಧರ್ಮಸಭೆಯಲ್ಲಿಯೂ ಎರಡು ಬಗೆಯ ಕಾಲಮಾನಗಳಿದ್ದವು. ಗ್ರೇ ಅವರದೇ ರಾಜ್ಯದಲ್ಲಿ, ರಿಚ್ಮಂಡಿನ ಧರ್ಮಾಧ್ಯಕ್ಷ ಪೀಟರ್ ಐರ್ಟನ್ 1954ರಲ್ಲಿಯೇ ತಮ್ಮ ಕಥೋಲಿಕ ಶಾಲೆಗಳನ್ನು ಕಪ್ಪು ಮಕ್ಕಳಿಗೆ ತೆರೆದರು. ಆಯೋಗ ಇನ್ನೂ ವರದಿ ಬರೆಯುತ್ತಿದ್ದಾಗ ಮಕ್ಕಳು ಜೊತೆಗೆ ಕುಳಿತು ಓದುತ್ತಿದ್ದರು. ಕಾಲವಿನ್ನೂ ಪಕ್ವವಾಗಿಲ್ಲವೆಂಬ ಮಾತಿಗೆ ಇದಕ್ಕಿಂತ ಸರಳ ಉತ್ತರ ಬೇಕಿಲ್ಲ. ನ್ಯೂ ಆರ್ಲಿಯನ್ಸಿನ ಮಹಾಧರ್ಮಾಧ್ಯಕ್ಷ ಜೋಸೆಫ್ ರಮ್ಮೆಲ್ 1956ರಲ್ಲಿ ಪ್ರತ್ಯೇಕತೆಯು ಪಾಪವೆಂದು ಧೈರ್ಯದಿಂದ ಬೋಧಿಸಿದರು. ಆದರೆ ಪ್ರಬಲರ ವಿರೋಧಕ್ಕೆ ಸಿಲುಕಿ ಅವರ ಶಾಲೆಗಳು ತೆರೆದುಕೊಂಡದ್ದು 1962ರಲ್ಲಿ. ಪ್ರತಿಭಟಿಸಿದ ರಾಜಕಾರಣಿ ಲಿಯಾಂಡರ್ ಪೆರೆಜ್ ಸೇರಿದಂತೆ ಮೂವರಿಗೆ ಆ ವರ್ಷ ಬಹಿಷ್ಕಾರ ವಿಧಿಸಬೇಕಾಯಿತು. ಬೋಧನೆಗೂ ಬಾಗಿಲಿಗೂ ನಡುವೆ ಆರು ವರ್ಷಗಳು ಸಂದವು.

ನಮ್ಮ ಸೀಮೆ

ಗ್ರೇ ಆಯೋಗ ವರದಿ ಬರೆಯುತ್ತಿದ್ದ 1955ರಲ್ಲಿಯೇ, ಜೂನ್ 1ರಂದು, ಭಾರತದ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಜಾರಿಗೆ ಬಂದಿತು. ಮರುವರ್ಷ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಲ್ಲಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕೊಪ್ಪಳದ ಗವಿಮಠದ ಬಂಡೆಯ ಮೇಲಿನ ಅಶೋಕನ ಶಾಸನವು, ಸಾಧನೆಯ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಿಸಿದರೆ ಸಣ್ಣವರಿಗೂ ಲಭ್ಯವೆಂದು ಎರಡು ಸಾವಿರ ವರ್ಷಗಳಿಗೂ ಹಿಂದೆ ಸಾರಿದೆ. ಬಂಡೆಯೂ ಇದೆ, ಕಾಯ್ದೆಯೂ ಇದೆ.

2014ರ ಆಗಸ್ಟಿನಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿಯಿಡಲಾಯಿತು. ಕ್ಷೌರದಂಗಡಿ ಮತ್ತು ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶವಿರದಿದ್ದುದು ಆ ವೈರದ ಹಿನ್ನೆಲೆ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯವು 101 ಮಂದಿಯನ್ನು ದೋಷಿಗಳೆಂದು ಘೋಷಿಸಿ, 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಹೈಕೋರ್ಟಿಗೆ ಹೋಗಿ ಅವರಲ್ಲಿ ಬಹುತೇಕರು ಜಾಮೀನು ಪಡೆದರು. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗುವೊಂದು ಮಳೆ ಬಂದಾಗ ಹನುಮಂತನ ಗುಡಿಯೊಳಗೆ ಓಡಿತೆಂದು, ಶುದ್ಧೀಕರಣಕ್ಕಾಗಿ ಪೋಷಕರಿಂದ 25,000 ರೂಪಾಯಿ ಕೇಳಲಾಯಿತು. ಮರಕುಂಬಿಯಲ್ಲಿ ನಾವು ಗುಂಪನ್ನು ಕಾಣುತ್ತೇವೆ. ಮಿಯಾಪುರದಲ್ಲಿ ಕಾಣುವುದು ಹಿರಿಯರ ಸಭೆಯನ್ನು, ಲೆಕ್ಕಹಾಕಿ ಗೊತ್ತುಪಡಿಸಿದ ಮೊತ್ತವನ್ನು. ಲೇಖನದ ಆರಂಭದಲ್ಲಿ ಹೇಳಿದ ಮೂರನೆಯವನು ಇಲ್ಲಿದ್ದಾನೆ.

ಕೊಪ್ಪಳ ಜಿಲ್ಲೆಯು ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದ್ದು, ಇಲ್ಲಿ ನಮ್ಮ ವಿಶ್ವಾಸಿಗಳ ಸಂಖ್ಯೆ ಅಲ್ಪ. ಹೀಗಾಗಿ ನಮಗೆ ಎರಡು ಬಗೆಯ ಶೋಧನೆಗಳಿವೆ. ಮೊದಲನೆಯದು ಹೊರಗಿನದು: ಊರಿನ ಶಾಂತಿಸಭೆಗೆ ಗುರುಗಳನ್ನು ಕರೆದಾಗ, ಕೈಕುಲುಕಿಸಿ ಕಳುಹಿಸುವುದನ್ನೇ ಸಮಾಧಾನವೆಂದು ಎಣಿಸುವುದು. ಎರಡನೆಯದು ಒಳಗಿನದು: 1950ರ ರಾಷ್ಟ್ರಪತಿ ಆದೇಶದಡಿ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಮಾನ್ಯತೆ ಇಲ್ಲವೆಂಬ ನ್ಯಾಯವಾದ ಅಳಲನ್ನು ಹೇಳುತ್ತಲೇ, ನಮ್ಮ ಮದುವೆಯ ಮಾತುಕತೆಗಳಲ್ಲಿ, ಧರ್ಮಕೇಂದ್ರದ ಮಂಡಳಿಗಳಲ್ಲಿ ಜಾತಿ ಕುಳಿತಿರುವುದನ್ನು ಹೇಳದಿರುವುದು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ದಲಿತ ಸಬಲೀಕರಣದ ನೀತಿಯನ್ನು ಹೊರತಂದಿದೆ. ನೀತಿಗೆ ದಿನಾಂಕ ಸಿಕ್ಕಿದೆ; ಪ್ರತಿಯೊಂದು ಧರ್ಮಕೇಂದ್ರದಲ್ಲಿ ಅದರ ಜಾರಿಗೂ ದಿನಾಂಕ ಬೇಕು. ಸದ್ಯಕ್ಕೆ ಬೇಡವೆಂದು ನಾವು ಹೇಳುವಾಗ, ಆ ಸದ್ಯ ಎಂದು ಮುಗಿಯುವುದೆಂದು ಹೇಳಲಾರದಿದ್ದರೆ, ನಾವು ಬರೆಯುತ್ತಿರುವುದು ಗ್ರೇ ಅವರ ವರದಿಯನ್ನೇ.

ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಓದುವುದು ಒಳಿತು. ಅಂತಿಯೋಕ್ಯದಲ್ಲಿ ಕೇಫನು ಅನ್ಯಜನರ ವಿರುದ್ಧ ಒಂದು ಮಾತನ್ನೂ ಆಡಿದಂತಿಲ್ಲ. ಅವರೊಡನೆ ಉಣ್ಣುತ್ತಿದ್ದವನು, ಯಕೋಬನ ಕಡೆಯವರು ಬಂದಾಗ ಅಂಜಿ ಪಂಕ್ತಿಯಿಂದ ಎದ್ದನು, ಅಷ್ಟೇ. ಬಾರ್ನಬನಂಥವನೂ ಹಿಂಬಾಲಿಸಿದನು. ಅದನ್ನು ವಿವೇಕವೆಂದು ಅಲ್ಲಿದ್ದವರು ಕರೆದಿರಬಹುದು. ಪೌಲನು ಎಲ್ಲರ ಮುಂದೆ, ಅದೇ ಪಂಕ್ತಿಯಲ್ಲಿ, ಅದು ಶುಭಸಂದೇಶದ ಸತ್ಯಕ್ಕೆ ತಕ್ಕ ನಡೆಯಲ್ಲವೆಂದನು. ಅವನು ಆ ಮಾತನ್ನು ಸಮಿತಿಗೆ ಒಪ್ಪಿಸಲಿಲ್ಲ.