ದೌಂಡದ ಡೈನಮಾ

ಮೂರು ವರ್ಷದ ಹಿಂದೆ ಟ್ರ್ಯಾಕ್ಟರ್ ರಿಪೇರಿಯ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನಗೆ ಸಿಕ್ಕಿತ್ತು. ಅದರಲ್ಲೊಂದು ಅಧ್ಯಾಯ, ಹಳೆಯ ಯಂತ್ರದ ಜನರೇಟರ್ ಕಳಚಿ ಆಲ್ಟರ್ನೇಟರ್ ಕೂಡಿಸುವುದು ಹೇಗೆ ಎಂಬುದು. ಎರಡೂ ಕರೆಂಟು ಹುಟ್ಟಿಸುವ ಸಾಮಾನುಗಳೇ ತಾನೆ ಎಂದುಕೊಂಡು ಎರಡಕ್ಕೂ 'ವಿದ್ಯುಜ್ಜನಕ' ಎಂದೇ ಬರೆದೆ. 'ಹಳೆಯ ವಿದ್ಯುಜ್ಜನಕವನ್ನು ತೆಗೆದು ಹೊಸ ವಿದ್ಯುಜ್ಜನಕವನ್ನು ಜೋಡಿಸಿ.' ವಾಕ್ಯ ಚೊಕ್ಕವಾಗಿತ್ತು.

ಕರಡು ಬ್ಯಾಗಿನಲ್ಲಿದ್ದಾಗಲೇ ಪುಣೆಯಿಂದ ಕಲಬುರಗಿಗೆ ಹೊರಟಿದ್ದ ನಾನು ದೌಂಡದಲ್ಲಿ ಒಂದು ದಿನ ಉಳಿಯಬೇಕಾಯಿತು. ಭೀಮಾ ತೀರದ ಊರು, ಸುತ್ತ ಕಬ್ಬು. ಅಲ್ಲಿ ಗ್ಯಾರೇಜ್ ಇಟ್ಟಿದ್ದ ಅಫಜಲಪುರ ಕಡೆಯ ಮೆಕ್ಯಾನಿಕ್ ಒಬ್ಬರಿಗೆ ಆ ಪುಟ ಓದಿ ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ, "ಅಕ್ಕಾರ, ಡೈನಮಾ ಬ್ಯಾರೆ, ಆಲ್ಟರ್ನೇಟರ್ ಬ್ಯಾರೆ ಅದಾವ್ರಿ. ನೀವು ಬರೆದಂಗ ಮಾಡಿದ್ರ ಸುಟ್ಟು ಹೋಗ್ತೈತಿ" ಅಂದರು. ಬೆಂಚಿನ ಕೆಳಗಿನಿಂದ ಹಾಗೆ ಸುಟ್ಟ ಒಂದನ್ನು ತೆಗೆದೂ ತೋರಿಸಿದರು. ನನ್ನ ಒಂದು ಪದಕ್ಕೆ ಯಾವನೋ ರೈತ ದುಡ್ಡು ತೆರಬೇಕಾಗುತ್ತಿತ್ತು. ಅಂದಿನಿಂದ ಈ ಎರಡು ಪದಗಳ ಹಿಂದಿನ ಕಥೆಯನ್ನು ಹುಡುಕುತ್ತಾ ಬಂದಿದ್ದೇನೆ.

ಮೊದಲು ನನ್ನನ್ನು ಕಾಡಿದ್ದು ಒಂದು ಕಾಲವ್ಯತ್ಯಾಸ. ಆಲ್ಟರ್ನೇಟರ್ ಹೊಸ ವಸ್ತುವೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಹರಿದದ್ದು ಆಲ್ಟರ್ನೇಟರಿನ ಕರೆಂಟೇ. ಹಾಗಿದ್ದೂ ಕಾರು, ಲಾರಿ, ಟ್ರ್ಯಾಕ್ಟರು, ರೈಲು ಎಂಜಿನ್ನುಗಳು ಮುಂದಿನ ಅರವತ್ತು ವರ್ಷ ಡೈನಮೋವನ್ನೇ ನೆಚ್ಚಿಕೊಂಡಿದ್ದವು. ಯಾಕೆ?

ಉತ್ತರ ಬ್ಯಾಟರಿಯಲ್ಲಿದೆ. ಸುರುಳಿಯನ್ನು ಅಯಸ್ಕಾಂತದ ನಡುವೆ ತಿರುಗಿಸಿದಾಗ ಹುಟ್ಟುವ ಕರೆಂಟು ಸಹಜವಾಗಿ ದಿಕ್ಕು ಬದಲಿಸುತ್ತಲೇ ಇರುತ್ತದೆ. ಗಣಿಯ ಮೋಟಾರಿಗೆ ಅದು ನಡೆಯುತ್ತದೆ, ಬ್ಯಾಟರಿಗೆ ನಡೆಯದು. ಅದಕ್ಕೆ ಒಂದೇ ದಿಕ್ಕಿನ ಕರೆಂಟು ಬೇಕು. ಡೈನಮೋದಲ್ಲಿ ಈ ಕೆಲಸ ಮಾಡುವುದು ಕಾಮ್ಯುಟೇಟರ್. ತಾಮ್ರದ ಪಟ್ಟಿಗಳ ಒಂದು ಉರುಳೆ, ಅದರ ಮೇಲೆ ಒತ್ತಿ ನಿಂತ ಕಾರ್ಬನ್ ಬ್ರಷ್‌ಗಳು. ಉರುಳೆ ತಿರುಗಿದಂತೆ ಜೋಡಣೆಯೂ ಅದಲುಬದಲಾಗಿ, ಹೊರಗೆ ಬರುವ ಕರೆಂಟು ಒಂದೇ ದಿಕ್ಕಿನದಾಗುತ್ತದೆ. ಜಾಣ ಉಪಾಯವೇ. ಆದರೆ ಇಡೀ ಕರೆಂಟು ಸವೆಯುವ ಬ್ರಷ್‌ಗಳ ಮೂಲಕವೇ ಹಾಯಬೇಕು. ವೇಗ ಹೆಚ್ಚಿದರೆ ಕಿಡಿ ಹಾರುತ್ತದೆ, ಎಂಜಿನ್ ನಿಧಾನವಾಗಿದ್ದರೆ ಚಾರ್ಜೇ ಆಗುವುದಿಲ್ಲ. ಎಂಜಿನ್ ನಿಂತಾಗ ಬ್ಯಾಟರಿಯ ಕರೆಂಟು ಡೈನಮೋಕ್ಕೆ ವಾಪಸ್ ಹರಿಯದಂತೆ ತಡೆಯಲು 'ಕಟೌಟ್' ಎಂಬ ಡಬ್ಬಿಯೂ ಬೇಕಿತ್ತು.

ಇದೆಲ್ಲವನ್ನೂ ಬದಲಿಸಿದ್ದು ಸಿಲಿಕಾನ್ ಡಯೋಡ್. ಕರೆಂಟನ್ನು ಒಂದೇ ಕಡೆಗೆ ಬಿಡುವ ಪುಟ್ಟ ಬಾಗಿಲು ಅದು. ಅಗ್ಗದ, ಗಟ್ಟಿಯಾದ ಡಯೋಡ್ ಸಿಗುವವರೆಗೆ ವಾಹನಕ್ಕೆ ಆಲ್ಟರ್ನೇಟರ್ ದಕ್ಕುವಂತಿರಲಿಲ್ಲ. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೊಟ್ಟಿತು. 1965ರಲ್ಲಿ ಆಲ್ಕೋ ಕಂಪನಿ 3000 ಅಶ್ವಶಕ್ತಿಯ ರೈಲು ಎಂಜಿನ್ನಿನಲ್ಲಿ ಆಲ್ಟರ್ನೇಟರ್ ಮತ್ತು ಡಯೋಡ್‌ಗಳನ್ನು ಕೂಡಿಸಿತು.

ಇಲ್ಲಿ ಕಥೆ ದೌಂಡಕ್ಕೆ ಮರಳುತ್ತದೆ. 1878ರಲ್ಲಿ ಮನಮಾಡಿನ ಹಾದಿ ತೆರೆದ ಮೇಲೆ ದೌಂಡ ದೊಡ್ಡ ಜಂಕ್ಷನ್. ಬೆಂಗಳೂರಿಂದ ಮುಂಬಯಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಇಲ್ಲಿಂದ ಪುಣೆಯತ್ತ ಸಾಗಿದರೆ, ದಿಲ್ಲಿಯ ಕರ್ನಾಟಕ ಎಕ್ಸ್‌ಪ್ರೆಸ್ ಅಹಮದನಗರದತ್ತ ಹೊರಳುತ್ತದೆ. ದಶಕಗಳ ಕಾಲ ಈ ಹಾದಿಗಳಲ್ಲಿ ದುಡಿದದ್ದು ಡಬ್ಲ್ಯೂಡಿಎಂ-2 ಡೀಸೆಲ್ ಎಂಜಿನ್. 1962ರಲ್ಲಿ ಆಲ್ಕೋದಿಂದ ಬಂದು, 1964ರಿಂದ ವಾರಾಣಸಿಯಲ್ಲೇ ತಯಾರಾದ, 16 ಸಿಲಿಂಡರಿನ, 2600 ಅಶ್ವಶಕ್ತಿಯ ಯಂತ್ರ. ಅದರ ಡೀಸೆಲ್ ಎಂಜಿನ್ ನೇರವಾಗಿ ಚಕ್ರ ತಿರುಗಿಸುವುದಿಲ್ಲ. ಅದು ಭಾರಿ ಡಿಸಿ ಜನರೇಟರನ್ನು ತಿರುಗಿಸುತ್ತದೆ, ಆ ಕರೆಂಟು ಚಕ್ರಗಳ ಮೋಟಾರಿಗೆ ಹೋಗುತ್ತದೆ. ಅಂದರೆ ಟ್ರ್ಯಾಕ್ಟರಿನ ಡೈನಮೋದ ರೋಗವೆಲ್ಲ ಅದಕ್ಕೂ ಇತ್ತು, ಆನೆಯ ಗಾತ್ರದಲ್ಲಿ. ಬ್ರಷ್ ಬದಲಿಸಬೇಕು, ಕಾಮ್ಯುಟೇಟರ್ ಉಜ್ಜಬೇಕು, ಅಲ್ಲಿ ಕಿಡಿ ಹೊತ್ತಿಕೊಂಡರೆ ಗಾಡಿ ನಡುದಾರಿಯಲ್ಲೇ ನಿಲ್ಲಬೇಕು.

1990ರ ದಶಕದಿಂದ ಇದರ ಮುಂದಿನ ರೂಪ ಬಂತು, ಡಬ್ಲ್ಯೂಡಿಎಂ-3ಎ. ಜನರೇಟರಿನ ಜಾಗದಲ್ಲಿ ಆಲ್ಟರ್ನೇಟರ್, ಅದರ ಬೆನ್ನಿಗೆ ಡಯೋಡ್‌ಗಳ ಸಾಲು, ಶಕ್ತಿ 3100ಕ್ಕೆ. ಮೋಟಾರುಗಳು ಮಾತ್ರ ಹಳೆಯ ಡಿಸಿ ಬಗೆಯವೇ. ಹೊಸದು ಕಟ್ಟುವುದರ ಜೊತೆಗೆ ಹಳೆಯ ಡಬ್ಲ್ಯೂಡಿಎಂ-2ಗಳನ್ನೂ ಪಟಿಯಾಲದ ಕಾರ್ಖಾನೆಯಲ್ಲಿ ಬಿಚ್ಚಿ, ಇದೇ ಬಗೆಗೆ ಮಾರ್ಪಡಿಸಿ ಕಳಿಸಿದರು. ದೌಂಡದ ಮೆಕ್ಯಾನಿಕ್ ಟ್ರ್ಯಾಕ್ಟರಿಗೆ ಮಾಡುತ್ತಿದ್ದುದನ್ನೇ ಪಟಿಯಾಲದವರು ನೂರು ಟನ್ನಿಗೂ ಮಿಕ್ಕಿದ ಎಂಜಿನ್ನಿಗೆ ಮಾಡಿದ್ದರು.

ಹಾಗಾದರೆ ನನ್ನ ವಾಕ್ಯ ಸುಡುತ್ತಿದ್ದುದು ಯಾಕೆ? ಹಳೆಯ ಬ್ರಿಟಿಷ್ ವಿನ್ಯಾಸದ ಅನೇಕ ಯಂತ್ರಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಚಾಸಿಗೆ ಕೂಡಿರುತ್ತದೆ. ಡೈನಮೋ ಇದನ್ನು ಸಹಿಸುತ್ತದೆ, ಬೇಕಾದ ಕಡೆಗೆ ಅದನ್ನು ಹೊಂದಿಸಿಕೊಳ್ಳಬಹುದು. ಆದರೆ ಸಾಮಾನ್ಯ ಆಲ್ಟರ್ನೇಟರಿಗೆ ಮೈನಸ್ಸೇ ಚಾಸಿಗೆ ಬೇಕು. ತಿರುಗುಮುರುಗು ಆದರೆ ಡಯೋಡ್‌ಗಳು ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತವೆ. ಹಳೆಯ ಕಟೌಟ್ ಮತ್ತು ರೆಗ್ಯುಲೇಟರ್ ಡಬ್ಬಿಯನ್ನೂ ಸರ್ಕೀಟಿನಿಂದ ತೆಗೆಯಬೇಕು, ಕಟೌಟಿನ ಕೆಲಸವನ್ನು ಈಗ ಡಯೋಡ್‌ಗಳೇ ಮಾಡುತ್ತವೆ. ಕರೆಂಟು ಹೆಚ್ಚು ಬರುವುದರಿಂದ ಮುಖ್ಯ ವೈರು ದಪ್ಪದ್ದಾಗಬೇಕು. 'ಹಳೆಯದನ್ನು ತೆಗೆದು ಹೊಸದನ್ನು ಜೋಡಿಸಿ' ಎಂಬುದರಲ್ಲಿ ಇದ್ಯಾವುದೂ ಇರಲಿಲ್ಲ.

ಭಾಷಾವಿಜ್ಞಾನದ ತರಗತಿಯಲ್ಲಿ ಎರವಲು ಪದಗಳ ಬಗ್ಗೆ ಬಹಳ ಓದಿದ್ದೆ. ಗ್ಯಾರೇಜಿನ ಕನ್ನಡ 'ಡೈನಮಾ', 'ಆಲ್ಟರ್ನೇಟರ್' ಎಂದು ಎರಡು ಪದ ಎರವಲು ಪಡೆದದ್ದು ಸೋಮಾರಿತನದಿಂದಲ್ಲ, ಎರಡು ವಸ್ತುಗಳು ಬೇರೆ ಎಂಬ ತಿಳಿವಳಿಕೆಯಿಂದ. ಅದನ್ನು ಅಳಿಸಿದ್ದು ನನ್ನ ಶುದ್ಧ ಕನ್ನಡ.

ಈಗ ದೌಂಡದ ಹಾದಿಗಳ ಮೇಲೆ ವಿದ್ಯುತ್ ತಂತಿ ಬಂದಿದೆ. ಪಟಿಯಾಲದಲ್ಲಿ ಅಷ್ಟು ಶ್ರಮಪಟ್ಟು ಮರುಹುಟ್ಟು ಕೊಟ್ಟ ಎಂಜಿನ್ನುಗಳಲ್ಲಿ ಎಷ್ಟೋ ಗುಜರಿಗೆ ಹೋದವು. ಟ್ರ್ಯಾಕ್ಟರುಗಳು ಮಾತ್ರ ಇನ್ನೂ ಕಬ್ಬು ಎಳೆಯುತ್ತಿವೆ, ಕತ್ತಲಲ್ಲಿ ಅವಕ್ಕೆ ದೀಪ ಬೇಕೇ ಬೇಕು.

ಆ ಅಧ್ಯಾಯವನ್ನು ಕಲಬುರಗಿ ಮುಟ್ಟುವ ಮೊದಲೇ ಹೊಸದಾಗಿ ಬರೆದೆ. ಈಗ ಅದರ ಮೊದಲ ಸಾಲು ಹೀಗಿದೆ: 'ಡೈನಮೋ ಬಿಚ್ಚುವ ಮುನ್ನ, ಬ್ಯಾಟರಿಯ ಯಾವ ತುದಿ ಚಾಸಿಗೆ ಕೂಡಿದೆ ಎಂದು ನೋಡಿ.'