ಹಿಗ್ಗಿದ ಪಿತ್ತಕೋಶ ಮತ್ತು ಶ್ರವಣಾತೀತ ಧ್ವನಿಪರೀಕ್ಷೆ

ಯಕೃತ್ತಿನ ಅಡಿಯಲ್ಲಿದ್ದು ಸಾಮಾನ್ಯವಾಗಿ 7ರಿಂದ 10 ಸೆಂಟಿಮೀಟರ್ ಉದ್ದವಿರುವ ಪಿತ್ತಕೋಶವು ಅಡ್ಡಳತೆಯಲ್ಲಿ 4 ಸೆಂಟಿಮೀಟರನ್ನು ಮೀರಿ ಉಬ್ಬಿದಾಗ, ಅದರ ಕಾರಣವನ್ನು ಊಹಿಸುವ ಹೊಣೆ ಬಹುಕಾಲ ವೈದ್ಯನ ಬೆರಳುಗಳ ಮೇಲೆಯೇ ಇದ್ದಿತು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಕೂರ್ವಾಸಿಯೇ 1890ರಲ್ಲಿ ಅನೇಕ ರೋಗಿಗಳ ವೃತ್ತಾಂತಗಳನ್ನು ತೂಗಿನೋಡಿ, ಪಿತ್ತನಾಳವನ್ನು ಕಲ್ಲು ಮುಚ್ಚಿದಾಗ ಕೋಶ ಹಿಗ್ಗುವುದು ವಿರಳವೆಂದೂ, ಅನ್ಯಕಾರಣಗಳಿಂದ ನಾಳ ಮುಚ್ಚಿದಾಗ ಹಿಗ್ಗುವುದೇ ಹೆಚ್ಚೆಂದೂ ನಿರ್ಣಯಿಸಿದನು. ಕಾಮಾಲೆಯೊಡನೆ ನೋವಿಲ್ಲದ ಕೋಶ ಕೈಗೆ ಸಿಕ್ಕರೆ ಮೇದೋಜೀರಕ ಗ್ರಂಥಿಯ ಅರ್ಬುದವನ್ನು ಶಂಕಿಸಬೇಕೆಂಬ ಪಾಠ ಇದರಿಂದಲೇ ಬಂದುದು. 1924ರಲ್ಲಿ ಅಮೆರಿಕದ ಗ್ರಹಾಂ ಮತ್ತು ಕೋಲ್ ಪಿತ್ತದೊಡನೆ ಬೆರೆತು ಕ್ಷ-ಕಿರಣದಲ್ಲಿ ಕಾಣುವ ದ್ರವ್ಯವನ್ನು ಬಳಕೆಗೆ ತಂದರು. ಆದರೆ ಕೋಶದ ಕತ್ತಿನಲ್ಲಿ ಕಲ್ಲು ಸಿಲುಕಿ, ಒಳಗೆ ಲೋಳೆ ತುಂಬಿ ಅದು ಉಬ್ಬಿದ ಸಂದರ್ಭದಲ್ಲಿ ಆ ದ್ರವ್ಯ ಒಳಹೊಗಲಾರದು. ಚಿತ್ರ ಅತ್ಯಗತ್ಯವಾದಲ್ಲಿಯೇ ಅದು ದೊರೆಯದೆ ಹೋಗುತ್ತಿತ್ತು.

ಈ ಕೊರತೆಯನ್ನು ನೀಗಿಸುವ ದಾರಿ ತೆರೆದುದು ನೌಕಾಪಡೆಯ ಪ್ರಯೋಗಶಾಲೆಯಲ್ಲಿ ಎಂಬುದು ಗಮನಾರ್ಹ. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುತ್ತಿದ್ದ ಪ್ರತಿಧ್ವನಿಯ ತತ್ತ್ವವನ್ನೇ ಅನುಸರಿಸಿ, ಅಮೆರಿಕದ ಬೆಥೆಸ್ಡಾದ ನೌಕಾ ವೈದ್ಯಕೀಯ ಸಂಶೋಧನಾಲಯದಲ್ಲಿ ಜಾರ್ಜ್ ಲುಡ್ವಿಗ್ ಪ್ರಾಣಿಗಳ ದೇಹದಲ್ಲಿರಿಸಿದ ಪಿತ್ತಾಶ್ಮರಿಗಳನ್ನು, ಎಂದರೆ ಪಿತ್ತದ ಕಲ್ಲುಗಳನ್ನು, ಶ್ರವಣಾತೀತ ಧ್ವನಿಯಿಂದ ಗುರುತಿಸಿ 1949ರಲ್ಲಿ ವರದಿಯಿತ್ತನು. ಮೃದು ಅಂಗಾಂಶದಲ್ಲಿ ಧ್ವನಿಯ ಸರಾಸರಿ ವೇಗ ಸೆಕೆಂಡಿಗೆ 1540 ಮೀಟರ್ ಎಂಬ ಅವನ ಅಳತೆಯನ್ನೇ ಇಂದಿನ ಯಂತ್ರಗಳೂ ಆಧರಿಸಿವೆ. 1970ರ ದಶಕದಲ್ಲಿ ಬೂದುಛಾಯೆಯ ಚಿತ್ರವೂ ಚಲಿಸುವ ಚಿತ್ರವೂ ಸಾಧ್ಯವಾದ ಮೇಲೆ, ಪಿತ್ತ ಕಪ್ಪಾಗಿಯೂ, ಕಲ್ಲು ಬೆಳ್ಳಗೆ ಹೊಳೆದು ಹಿಂದೆ ನೆರಳು ಚೆಲ್ಲುವಂತೆಯೂ, 3 ಮಿಲಿಮೀಟರನ್ನು ಮೀರಿ ದಪ್ಪವಾದ ಗೋಡೆ ಸ್ಪಷ್ಟವಾಗಿಯೂ ತೋರತೊಡಗಿದವು. ಪರೀಕ್ಷೆಗೆ ಮುನ್ನ ಆರೆಂಟು ಗಂಟೆ ಉಪವಾಸ ವಿಧಿಸುವುದು ಕೋಶ ತುಂಬಿಕೊಳ್ಳಲೆಂದೇ. ಆದಕಾರಣ ಹಿಗ್ಗುವಿಕೆಯೊಂದನ್ನೇ ರೋಗವೆಂದು ಬಗೆಯುವುದು ಅವಸರದ ತೀರ್ಪು.

ನೌಕಾಪಡೆಯ ಆಶ್ರಯದಲ್ಲಿ ಮೊಳೆತ ಈ ಪರೀಕ್ಷೆಯ ಮಾತು ಬಂದಾಗ ನಮ್ಮ ನಾಡಿನ ನೌಕಾನೆಲೆಯೂ ನೆನಪಾಗುತ್ತದೆ. ಉತ್ತರ ಕನ್ನಡದ ಕಾರವಾರ ತಾಲ್ಲೂಕಿನ ಅರ್ಗಾದಲ್ಲಿ 1986ರಲ್ಲಿ ನೌಕಾಪಡೆಯ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆಯಾಗಿ, 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭಿಸಿತು. ನೌಕಾಪಡೆಯ ಪತಂಜಲಿ ಆಸ್ಪತ್ರೆಯೂ ಕಾರವಾರ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಈ ತೀರಕ್ಕೆ ಅನಂತರ ಬಂದವು. ಜನರು ಸ್ಕ್ಯಾನಿಂಗ್ ಎಂದೇ ಕರೆಯುವ ಈ ಪರೀಕ್ಷೆ ಇಂದು ಕಾರವಾರದಲ್ಲಿಯೇ ಲಭ್ಯವಿದ್ದರೂ, ಅದು ತೋರಿಸಿದ ಜಟಿಲ ವ್ಯಾಧಿಯ ಚಿಕಿತ್ಸೆಗಾಗಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾಗಳತ್ತ ಧಾವಿಸುವ ಸಂಕಟ ಮಾತ್ರ ತಪ್ಪಿಲ್ಲ. ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಉತ್ತರ ಕನ್ನಡದ ಜನರು 2022ರಲ್ಲಿ ಒಕ್ಕೊರಲಿನಿಂದ ಮಂಡಿಸಿದ ಬೇಡಿಕೆ ಸರ್ವಥಾ ನ್ಯಾಯವಾದುದು.