ನೈಟ್ ಡ್ಯೂಟಿ ಟಿಪ್ಪಣಿ – 17: ಬೂಟಿನೊಳಗಿನ ನೀರು

ಅಮ್ಮ ಸಾಗರದಿಂದ ಇಂಗ್ಲೆಂಡಿಗೆ ಬಂದು ಮೂರು ವಾರವಾಯಿತು. ಮುಂದಿನ ತಿಂಗಳು ನಾಲ್ಕು ದಿನ ರಜೆ ಸಿಕ್ಕಿದೆ, ಲೇಕ್ ಡಿಸ್ಟ್ರಿಕ್ಟಿನ ಗುಡ್ಡಗಳಿಗೆ ಕರೆದುಕೊಂಡು ಹೋಗಬೇಕು. ಇಲ್ಲಿನವರು ಅಲ್ಲಿನ ಮಳೆಯ ಬಗ್ಗೆ ಹೆದರಿಸುತ್ತಾರೆ. ಮಲೆನಾಡಿನವರಿಗೆ ಮಳೆ ಹೊಸದಲ್ಲ, ಆದರೆ ಈ ಮಳೆಯ ಜೊತೆ ಚಳಿಯೂ ಇರುತ್ತದೆ. ಸರಿ, ಬೂಟು ಕೊಳ್ಳೋಣ ಅಂತ ಅಂಗಡಿಗೆ ಹೋದರೆ ಗೋಡೆ ತುಂಬ ಬೂಟು, ಎಲ್ಲದರ ಮೇಲೂ ‘ವಾಟರ್‌ಪ್ರೂಫ್’ ಚೀಟಿ.

ಅಮ್ಮನಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಪಾದದ ಮುಂಭಾಗದಲ್ಲಿ ಸ್ಪರ್ಶ ಕಡಿಮೆ. ಬೂಟಿನೊಳಗೆ ಕಲ್ಲು ಹೊಕ್ಕರೂ, ನೀರು ಹೊಕ್ಕರೂ ಅವಳಿಗೆ ತಿಳಿಯುವುದಿಲ್ಲ. ಇಂಥ ಪಾದಗಳಿಗೆ ಡ್ರೆಸ್ಸಿಂಗ್ ಮಾಡುವುದೇ ನನ್ನ ಕೆಲಸದ ಒಂದು ಭಾಗ. ಅರ್ಧ ಗಂಟೆ ನಿಂತು ಬರಿಗೈಯಲ್ಲಿ ವಾಪಸ್ ಬಂದೆ. ಆಮೇಲೆ ರಾತ್ರಿ ಪಾಳಿಯ ಬ್ರೇಕುಗಳಲ್ಲಿ ಈ ವಾಟರ್‌ಪ್ರೂಫ್ ಅನ್ನುವುದು ಎಲ್ಲಿಂದ ಬಂತು ಅಂತ ಹುಡುಕಿ ಓದಿದೆ.

ಇಲ್ಲಿ ಮಳೆಗಾಲದ ರಬ್ಬರ್ ಬೂಟಿಗೆ ‘ವೆಲ್ಲಿ’ ಅನ್ನುತ್ತಾರೆ. ಡ್ಯೂಕ್ ಆಫ್ ವೆಲಿಂಗ್ಟನ್ ಹೆಸರು ಅದು. ಅವನು ಬೇರೆ ಯಾರೂ ಅಲ್ಲ, 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿ. ನಾವೆಲ್ಲ ಸ್ಕೂಲ್ ಟ್ರಿಪ್ಪಿನಲ್ಲಿ ಸಾಲಾಗಿ ನಿಂತು ನೋಡಿದ ದರಿಯಾ ದೌಲತ್‌ನಲ್ಲೇ ವಾಸವಿದ್ದ. ಆದರೆ ಅವನು ಮುಂದೆ ಲಂಡನ್ನಿನಲ್ಲಿ ಹೊಲಿಸಿಕೊಂಡಿದ್ದು ರಬ್ಬರಿನದ್ದಲ್ಲ, ಕರುವಿನ ಚರ್ಮದ್ದು. ಚರ್ಮಕ್ಕೆ ಕೊಬ್ಬು, ಮೇಣ ಉಜ್ಜಿದರೆ ಸ್ವಲ್ಪ ಹೊತ್ತು ನೀರು ತಡೆಯುತ್ತದೆ, ಅಷ್ಟೇ.

ರಬ್ಬರ್ ಆಗಲೇ ಗೊತ್ತಿತ್ತು. ಆದರೆ ಬಿಸಿಲಿಗೆ ಅಂಟಂಟಾಗುತ್ತಿತ್ತು, ಚಳಿಗೆ ಸಿಡಿಯುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದರೆ ರಬ್ಬರ್ ಗಟ್ಟಿಯಾಗಿ ನಿಲ್ಲುತ್ತದೆ ಅಂತ ಕಂಡುಕೊಂಡ. ಹೈರಮ್ ಹಚಿನ್ಸನ್ ಎಂಬ ಇನ್ನೊಬ್ಬ ಅಮೆರಿಕನ್ ಅದನ್ನು ಹಿಡಿದು 1853ರಲ್ಲಿ ಫ್ರಾನ್ಸಿನಲ್ಲಿ ಬೂಟಿನ ಕಾರ್ಖಾನೆ ಹಾಕಿದ. ಅಲ್ಲಿನ ರೈತರು ಮರದ ಮೆಟ್ಟು ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದ ಕಾಲ. 1856ರಲ್ಲಿ ಎಡಿನ್‌ಬರೋದಲ್ಲಿ ನಾರ್ತ್ ಬ್ರಿಟಿಷ್ ರಬ್ಬರ್ ಕಂಪನಿ ಶುರುವಾಯಿತು. ಮೊದಲ ಮಹಾಯುದ್ಧದಲ್ಲಿ ಈ ಕಂಪನಿಯೊಂದೇ ಬ್ರಿಟಿಷ್ ಸೈನ್ಯಕ್ಕೆ 11 ಲಕ್ಷಕ್ಕೂ ಹೆಚ್ಚು ಜೊತೆ ಬೂಟು ಮಾಡಿಕೊಟ್ಟಿತು.

ಯಾಕೆ ಅಷ್ಟೊಂದು? ನರ್ಸಿಂಗ್ ಓದಿದವರಿಗೆ ‘ಟ್ರೆಂಚ್ ಫೂಟ್’ ಅನ್ನುವ ಎರಡು ಪದ ನೆನಪಿರಬಹುದು. ನಾನೂ ಪರೀಕ್ಷೆಗೆ ಅಂತ ಉರು ಹೊಡೆದು ಮರೆತಿದ್ದೆ. 1914ರ ಚಳಿಗಾಲ. ಫ್ಲಾಂಡರ್ಸಿನ ನೆಲವನ್ನು ಎರಡು ಮೂರು ಅಡಿ ಅಗೆದರೆ ನೀರು. ಸೈನಿಕರು ಆ ಕಂದಕದಲ್ಲಿ ದಿನಗಟ್ಟಲೆ ನಿಂತರು. ಒದ್ದೆಯಾದ ಚರ್ಮದ ಬೂಟು ಕಾಲನ್ನು ಬಿಗಿಯುತ್ತಿತ್ತು. ಅದರ ಮೇಲೆ ಮೊಣಕಾಲಿನ ತನಕ ಸುತ್ತಿದ ಬಟ್ಟೆ, ‘ಪಟ್ಟೀಸ್’ ಅಂತ. ಹೆಸರು ಹೋಗಿದ್ದು ಇಂಡಿಯಾದ ‘ಪಟ್ಟಿ’ಯಿಂದಲೇ. ರಕ್ತ ಪಾದಕ್ಕೆ ಇಳಿಯುವುದು ಕಡಿಮೆಯಾಗಿ ಮೊದಲು ಜೋಮು, ಆಮೇಲೆ ಮರಗಟ್ಟುವುದು, ಊತ, ಬೊಬ್ಬೆ, ಕೊನೆಗೆ ಗ್ಯಾಂಗ್ರೀನ್. ಇದಕ್ಕೆ ಹಿಮ ಬೀಳಬೇಕಾಗಿಲ್ಲ, ಒದ್ದೆ ಮತ್ತು ತಣ್ಣನೆ ಸೇರಿದರೆ ಸಾಕು. ಆ ಮೊದಲ ಚಳಿಗಾಲದಲ್ಲೇ ಬ್ರಿಟಿಷ್ ಸೈನ್ಯದಲ್ಲಿ ಸುಮಾರು 20,000 ಜನ ಇದಕ್ಕೆ ಸಿಕ್ಕರು. ಸೆಪ್ಟೆಂಬರ್ ಕೊನೆಗೆ ಮಾರ್ಸೆಯಲ್ಲಿ ಹಡಗಿನಿಂದ ಇಳಿದ ಭಾರತೀಯ ಸೈನಿಕರೂ ಅದೇ ಕೆಸರಿನಲ್ಲಿ ನಿಂತಿದ್ದರು. ಬ್ರೈಟನ್ನಿನ ಅರಮನೆಯನ್ನು ಆಸ್ಪತ್ರೆ ಮಾಡಿದ್ದು ಅವರಿಗಾಗಿ.

ರಬ್ಬರ್ ಬೂಟು ಬಂದ ಮೇಲೆ ಕಥೆ ಮುಗಿಯಿತೇ? ಇಲ್ಲ. ರಬ್ಬರಿಗೆ ಹೊರಗಿನ ನೀರು, ಒಳಗಿನ ಬೆವರು ಅನ್ನುವ ಭೇದವಿಲ್ಲ, ಎರಡನ್ನೂ ತಡೆಯುತ್ತದೆ. ಸಾಲದ್ದಕ್ಕೆ ಆ ಬೂಟು ಯಾರ ಸ್ವಂತದ್ದೂ ಅಲ್ಲ. ಕಂದಕ ಬಿಡುವ ತುಕಡಿ ಬರುವ ತುಕಡಿಗೆ ಬಿಚ್ಚಿ ಕೊಡಬೇಕು, ಒಳಗೆ ಹಿಂದಿನವನ ಬೆವರು ಹಾಗೇ ಇರುತ್ತಿತ್ತು. ರೋಗ ಇಳಿದಿದ್ದು ಬೂಟಿನ ಜೊತೆ ಬೇರೆ ಕೆಲಸಗಳೂ ಸೇರಿದ ಮೇಲೆ. ದಿನಾ ಒಣಗಿದ ಕಾಲುಚೀಲ, ಕಾಲು ಒರೆಸಿ ತಿಮಿಂಗಿಲದ ಎಣ್ಣೆ ತಿಕ್ಕುವುದು, ಆಫೀಸರುಗಳಿಂದ ಪಾದದ ತಪಾಸಣೆ. ಸೈನಿಕರನ್ನು ಜೋಡಿ ಮಾಡಿ ಒಬ್ಬನ ಪಾದಕ್ಕೆ ಇನ್ನೊಬ್ಬನನ್ನು ಹೊಣೆ ಮಾಡುತ್ತಿದ್ದರು. ಮರಗಟ್ಟಿದ ಕಾಲು ತನ್ನ ಯಜಮಾನನಿಗೆ ಏನೂ ಹೇಳುವುದಿಲ್ಲವಲ್ಲ. ಇದನ್ನು ಓದುವಾಗ ನಾಟಿ ಮುಗಿಸಿ ಬಂದು ಕೆಸರು ಹುಣ್ಣಿನ ಕಾಲನ್ನು ಒಲೆ ಮುಂದೆ ಚಾಚಿ ಕೂರುತ್ತಿದ್ದ ನಮ್ಮಜ್ಜಿ, ಅವಳ ಗೇರೆಣ್ಣೆ ಡಬ್ಬಿ ನೆನಪಾಯಿತು.

ಅಟ್ಟೆಯ ಕಥೆ ಬೇರೆ. 1935ರಲ್ಲಿ ಇಟಲಿಯ ಪುಂತಾ ರಾಸಿಕಾ ಬೆಟ್ಟದಲ್ಲಿ ಆರು ಜನ ಸತ್ತರು. ಜೊತೆಗಿದ್ದ ವಿತಾಲೆ ಬ್ರಮಾನಿ ಅದನ್ನು ಮರೆಯಲಾಗದೆ ಎರಡು ವರ್ಷಕ್ಕೆ ಆಳ ಗೆರೆಯ ರಬ್ಬರ್ ಅಟ್ಟೆ ಮಾಡಿದ. ವಿಬ್ರಮ್ ಅನ್ನುವುದು ಅವನ ಹೆಸರೇ. ಇನ್ನು ಬೆವರಿಗೆ ಉತ್ತರ ಸಿಕ್ಕಿದ್ದು 1969ರಲ್ಲಿ. ನಮ್ಮ ನಾನ್‌ಸ್ಟಿಕ್ ತವಾಕ್ಕೆ ಬಳಿಯುತ್ತಾರಲ್ಲ, ಅದೇ ವಸ್ತುವನ್ನು ಬಾಬ್ ಗೋರ್ ಎಂಬಾತ ಕಾಯಿಸಿ ಮೆಲ್ಲಗೆ ಎಳೆದರೆ ಪ್ರತಿ ಸಲ ತುಂಡಾಗುತ್ತಿತ್ತು. ಸಿಟ್ಟಿನಲ್ಲಿ ಒಮ್ಮೆ ಗಕ್ಕನೆ ಜಗ್ಗಿದ, ಹಲವು ಪಟ್ಟು ಉದ್ದವಾಯಿತು. ಅದರ ರಂಧ್ರಗಳಲ್ಲಿ ಆವಿ ಹೋಗುತ್ತದೆ, ನೀರಿನ ಹನಿ ಬರುವುದಿಲ್ಲ. ಅದೇ ಗೋರ್‌ಟೆಕ್ಸ್. ಡಯಾಲಿಸಿಸ್ ರೋಗಿಗಳ ಕೈಗೆ ಹಾಕುವ ಕೃತಕ ರಕ್ತನಾಳಕ್ಕೂ ಇದೇ ವಸ್ತು ಬಳಸುತ್ತಾರೆ. ಸೂಜಿ ಚುಚ್ಚುವಾಗ ಬೂಟು ನೆನಪಾಗುತ್ತದೆ ಈಗ. ಆದರೆ ಈ ಪೊರೆ ಸವೆಯುತ್ತದೆ, ಹರಿಯುತ್ತದೆ. ಹೊಳೆಯಲ್ಲಿ ಕಾಲಿಟ್ಟು ನೀರು ಮೇಲಿಂದ ನುಗ್ಗಿದರೆ ಒಳಗೇ ನಿಲ್ಲುತ್ತದೆ.

ಬಾಳಿಕೆ ಬಗ್ಗೆ ನನಗೇ ಪೆಟ್ಟು ಬಿದ್ದಿದೆ. ಬಂದ ಹೊಸದರಲ್ಲಿ 15 ಪೌಂಡಿಗೆ ಹಳೇ ಸ್ಟಾಕಿನ ‘ಹೊಸ’ ಬೂಟು ಕೊಂಡಿದ್ದೆ. ಗುಡ್ಡದ ಅರ್ಧಕ್ಕೆ ಎರಡೂ ಅಟ್ಟೆ ರೊಟ್ಟಿ ಚೂರಿನ ಹಾಗೆ ಉದುರಿದವು. ಮಧ್ಯದ ಪಾಲಿಯುರೆಥೇನ್ ಪದರ ಗಾಳಿಯ ತೇವಕ್ಕೆ ತಾನಾಗಿ ಕೊಳೆಯುತ್ತದೆ, ಹಾಕದೆ ಇಟ್ಟರೂ ಬಿಡುವುದಿಲ್ಲ.

ಎರಡನೇ ಸಲ ಅಮ್ಮನನ್ನು ಸಂಜೆ ಕರೆದುಕೊಂಡು ಹೋದೆ, ಪಾದ ಸ್ವಲ್ಪ ಊದಿರುವ ಹೊತ್ತು. ದಪ್ಪ ಉಣ್ಣೆಯ ಸಾಕ್ಸ್ ಹಾಕಿಸಿ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇದೆಯಾ ನೋಡಿದೆ. ಬೂಟಿನೊಳಗೆ ನನ್ನ ಕೈ ಹಾಕಿ ಹೊಲಿಗೆ ಒತ್ತುತ್ತದಾ ಅಂತ ಸವರಿದೆ. ಅಂಗಡಿಯ ಹುಡುಗ ವಿಚಿತ್ರವಾಗಿ ನೋಡಿದ. ಹೊರಗೆ ಚರ್ಮ, ಒಳಗೆ ಪೊರೆ, ಅಟ್ಟೆ ಬದಲಾಯಿಸಬಹುದಾದದ್ದು, ಅದನ್ನೇ ತೆಗೆದುಕೊಂಡೆವು. ಉಳಿದ ದುಡ್ಡಿಗೆ ಆರು ಜೊತೆ ಸಾಕ್ಸ್. ಊರಿನ ಡಾಕ್ಟರಿಗೆ ವಿಡಿಯೊದಲ್ಲಿ ಪಾದ ತೋರಿಸಿದೆ. ಗಾಯವಿಲ್ಲ, ಸಪಾಟು ದಾರಿಯಲ್ಲಿ ಸ್ವಲ್ಪ ಸ್ವಲ್ಪ ನಡೆಯಲಿ ಅಂದರು.

ಈಗ ದಿನಾ ಮನೆಯೊಳಗೆ ಒಂದು ಗಂಟೆ ಬೂಟು ಹಾಕಿ ಓಡಾಡುತ್ತಾಳೆ. ಬಿಚ್ಚಿದ ಮೇಲೆ ಅವಳ ಪಾದ ನನ್ನ ಮಡಿಲಲ್ಲಿ, ಕೈಯಲ್ಲಿ ಟಾರ್ಚು, ಬೆರಳು ಸಂದಿ ಸಂದಿ ನೋಡುತ್ತೇನೆ. “ಬಿಡೇ ಮಾರಾಯ್ತಿ, ಡ್ಯೂಟಿಲಿ ಮಾಡಿದ್ದು ಸಾಲ್ದಾ?” ಅಂತ ಕಾಲು ಎಳೆದುಕೊಳ್ಳುತ್ತಾಳೆ. ನಿನ್ನೆ ಎಡ ಕಿರುಬೆರಳ ಪಕ್ಕ ಸಣ್ಣಗೆ ಕೆಂಪಾಗಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ನಾಳೆ ರಸೀದಿ ಹಿಡಿದು ಹೋಗಿ ಅದೇ ಬೂಟಿನ ಅಗಲದ ಅಳತೆ ಕೇಳಬೇಕು.